ಹಳೆ ಸಾಮಾನಿನ ರುಖವತ್

ಮಗಳ ಮದುವೆ ಗೊತ್ತಾದ ವರ್ಷವೇ ನಮ್ಮ ಮನೆಯವರು ಕೆಲಸ ಮಾಡುತ್ತಿದ್ದ ಕಾರಖಾನೆಯ ಮಗ್ಗಗಳು ಭಂಗಾರಕ್ಕೆ, ಅಂದರೆ ಗುಜರಿಗೆ, ಹೋದವು. ಇಚಲಕರಂಜಿಯ ಶಹಾಪುರದಲ್ಲಿ ನಮ್ಮ ಓಣಿಯ ಕೊನೆಗೇ ಆ ಶೆಡ್ಡು. ಇವರು ಅಲ್ಲಿ ಜಾಬರ್. ಅಂದರೆ ನೇಯುವವರಲ್ಲ, ಮಗ್ಗ ಕೆಟ್ಟು ನಿಂತಾಗ ಅದನ್ನು ಮತ್ತೆ ನಡೆಸಿಕೊಡುವವರು. ಮಾಲಕರ ಮಗ ಹೊಸ ನಮೂನೆಯ ಮಗ್ಗ ಹಾಕಬೇಕೆಂದು ಹಳೆಯವನ್ನೆಲ್ಲ ತೂಕದ ಮೇಲೆ ಮಾರಿದ. ಹೊಸ ಮಗ್ಗ ನೋಡಿಕೊಳ್ಳಲು ಕಂಪನಿಯವರೇ ಬರುತ್ತಿದ್ದರು. ಜಾಬರ್ ಬೇಕಾಗಲಿಲ್ಲ.

ಭಂಗಾರದ ಟ್ರಕ್ಕು ಬಂದ ದಿನ, ಬೇಡವೆಂದರೂ ಇವರು ಹೋಗಿ ನಿಂತು ನೋಡಿದರು. ಗ್ಯಾಸ್ ಕಟರ್‌ನಿಂದ ಕತ್ತರಿಸಿ ಕತ್ತರಿಸಿ ಹೊರಗೆ ಎಳೆದರಂತೆ. ಮಧ್ಯಾಹ್ನ ಊಟಕ್ಕೆ ಕೂತಾಗ, “ಎರಡನೇ ಸಾಲಿನ ಕಡೀ ಮಗ್ಗ ಇನ್ನೂ ಚಲೋ ನಡೀತಿತ್ತು,” ಅಂದರು. ಅಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ. ಇಷ್ಟು ವರ್ಷ ಖಟ್‌ಖಟ್ ಸದ್ದಿನ ಮೇಲೆ ದನಿ ಏರಿಸಿಯೇ ಮಾತಾಡಿ ರೂಢಿಯಾದವರು ನಾವು. ಶೆಡ್ಡು ಸುಮ್ಮನಾದ ಮೇಲೂ ಎಷ್ಟೋ ದಿನ ಮನೆಯಲ್ಲಿ ಕೂಗಿ ಕೂಗಿ ಮಾತಾಡುತ್ತಿದ್ದೆವು. “ಚಹಾ ಮಾಡ್ಲೇನ್ರೀ?” ಎಂದು ನಾನು ಕೇಳಿದ್ದು ಓಣಿಗೆಲ್ಲ ಕೇಳುತ್ತಿತ್ತು.

ನಾನು ಒಂದು ಗಾರ್ಮೆಂಟಿನಲ್ಲಿ ಅಂಗಿಗಳ ದಾರ ಕತ್ತರಿಸುವ ಕೆಲಸಕ್ಕೆ ಹೋಗುತ್ತಿದ್ದೆ. ಬೆಳಿಗ್ಗೆ ನಾನು ಹೊರಡುವಾಗ ಇವರು ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಸಂಜೆ ಬಂದಾಗಲೂ ಅಲ್ಲೇ. ನಡುವೆ ಏನು ಮಾಡಿದಿರಿ ಎಂದು ಕೇಳಲು ನನಗೆ ಧೈರ್ಯವಾಗುತ್ತಿರಲಿಲ್ಲ. ಚೆನ್ನಾಗಿಯೇ ನಡೆಯುತ್ತಿದ್ದ ಗೋಡೆ ಗಡಿಯಾರವನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿದ್ದು ಕಂಡರೆ ಗೊತ್ತಾಗುತ್ತಿತ್ತು.

ಮಗಳು ಕೊಲ್ಹಾಪುರದ ಒಂದು ದವಾಖಾನೆಯಲ್ಲಿ ನರ್ಸು. ಅಲ್ಲೇ ಔಷಧ ಅಂಗಡಿಯಲ್ಲಿದ್ದ ಹುಡುಗನನ್ನು ಮೆಚ್ಚಿದ್ದಳು. ಗಡಹಿಂಗ್ಲಜದವರು, ಮನೆಯಲ್ಲಿ ಕನ್ನಡ ಮಾತಾಡುವ ಮಂದಿ, ಕಬ್ಬಿನ ಹೊಲ ಇದ್ದವರು. ತಂದೆ ತೀರಿಕೊಂಡಿದ್ದರು. ತಾಯಿಯೇ ಹೊಲ, ಮನೆ ಎರಡನ್ನೂ ನಡೆಸಿಕೊಂಡು ಬಂದಿದ್ದರು. ಆಕೆ ನಮ್ಮ ಮನೆಗೆ ಬಂದು, ಹುಡುಗಿಯನ್ನು ನೋಡಿ, ಉಪ್ಪಿಟ್ಟು ತಿಂದು, “ನಮಗ ಏನೂ ಬ್ಯಾಡ್ರಿ, ಹುಡಿಗಿ ಕೊಡ್ರಿ,” ಅಂದಿದ್ದರು. ಹಾಗೆ ಅಂದರೂ ಕೊಡುವುದು ಕೊಡಲೇಬೇಕಲ್ಲ.

ಈ ಕಡೆಯ ಮದುವೆಗಳಲ್ಲಿ ರುಖವತ್ ಎಂದು ಇಡುತ್ತಾರೆ. ಹುಡುಗಿಗೆ ಕೊಟ್ಟ ಪಾತ್ರೆ, ಹಾಸಿಗೆ, ಮಿಕ್ಸರು, ಅವಳೇ ಹೆಣೆದ ತೋರಣ, ಮನೆಯಲ್ಲಿ ಮಾಡಿದ ಕರದಂಟು, ಚಕ್ಕಲಿ, ಎಲ್ಲವನ್ನೂ ಮಂಟಪದ ಒಂದು ಮಗ್ಗುಲಿಗೆ ಮೇಜು ಹಾಕಿ ಜೋಡಿಸುವುದು. ಬಂದವರೆಲ್ಲ ಅಕ್ಷತೆಗಿಂತ ಮೊದಲು ಅದನ್ನೇ ನೋಡುತ್ತಾರೆ. ಮರಾಠಿಯವರ ಪದ್ಧತಿ, ಆದರೆ ಈ ನೀರು ಕುಡಿದ ಮೇಲೆ ನಮಗೂ ಬಿಡದು.

ರಜೆಗೆ ಬಂದ ಮಗಳು ಊಟ ಮಾಡುತ್ತ ಮೆಲ್ಲಗೆ ಹೇಳಿದಳು.

“ಅವ್ವಾ, ರುಖವತ್‌ನ್ಯಾಗ ಹೊಸಾದು ಒಂದೂ ಬ್ಯಾಡ. ಮನ್ಯಾಗ ಇದ್ದದ್ದನ್ನ ಅಪ್ಪ ದುರಸ್ತಿ ಮಾಡಿ ಕೊಡ್ಲಿ. ಅದನ್ನ ಇಡೂಣು.”

“ನಿನಗೇನ್ ಹುಚ್ಚ ಹಿಡದೈತೇನ?” ಅಂದೆ.

“ಯಾಕ? ನನ್ನ ರೂಮಿನ ಹುಡಿಗ್ಯಾರು ರೂಮ್ ಬಿಡೂ ಮುಂದ ಗಾದಿ, ಬಕೀಟು, ಖುರ್ಚಿ ಎಲ್ಲಾ ಕಸದ ಗಾಡಿಗೆ ಹಾಕಿ ಹೋಗ್ತಾರ. ಮರುದಿನ ಹೊಸಾಕಿ ಬಂದು ಅವನ್ನ ಮತ್ತ ಕೊಂಡ ತರ್ತಾಳ. ನೋಡಿ ನೋಡಿ ಸಾಕಾಗೈತಿ ನನಗ.”

ಅವಳು ಹೇಳಿದ್ದೇನೂ ಸುಳ್ಳಲ್ಲ. ಆದರೆ ಹೇಳುವಾಗ ಅವಳು ನನ್ನನ್ನು ನೋಡುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತಿದ್ದ ಅಪ್ಪನ ಬೆನ್ನನ್ನು ನೋಡುತ್ತಿದ್ದಳು. ನಾನು ಅವಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.

“ಅಪ್ಪಾ, ಆಗತೈತಿಲ್ಲೋ?” ಎಂದು ಅವಳು ಕೂಗಿದಳು.

ಇವರು ತಿರುಗಲಿಲ್ಲ. “ಅಟ್ಟದ ಮ್ಯಾಲ ಏನೇನ ಐತಿ ನೋಡಬೇಕು,” ಅಂದರು. ಆಮೇಲೆ ಎದ್ದು ಬಂದು ನಿಚ್ಚಣಿಕೆ ಹಾಕಿದರು.

ಅಟ್ಟದಿಂದ ಇಳಿದದ್ದು ನೋಡಿ ನನಗೇ ನಾಚಿಕೆಯಾಯಿತು. ನನ್ನ ಮದುವೆಯ ಟ್ರಂಕು, ತುಕ್ಕು ಹಿಡಿದು ಮುಚ್ಚಳ ಕೂರದ್ದು. ಹಿಡಿಕೆ ಮುರಿದ ಕುಕ್ಕರು. ನಮ್ಮ ಅತ್ತೆಯ ಕಾಲದ ಹಿತ್ತಾಳೆ ಪಾತೇಲಿ. ಪಟ್ಟಿ ಹರಿದ ಮಡಿಚುವ ಕಬ್ಬಿಣದ ಮಂಚ. ಇವುಗಳ ಜೊತೆಗೆ ಶೆಡ್ಡಿನಿಂದ ನೂಲು ಸುತ್ತಿದ ಕಾಂಡಿ ಇಡುತ್ತಿದ್ದ ಸಾಗವಾನಿ ಕಪಾಟನ್ನು, ಒಲೆಗೆ ಹೋಗುವುದರಲ್ಲಿದ್ದದ್ದನ್ನು, ಇವರು ಮಾಲಕರಿಗೆ ಹೇಳಿ ಕೈಗಾಡಿಯ ಮೇಲೆ ತಂದರು. ಗುರುತಿನ ಭಂಗಾರದವನ ಅಂಗಡಿಯಿಂದ ಒಂದು ಮಿಕ್ಸರು, ಒಂದು ಇಸ್ತ್ರಿ ಪೆಟ್ಟಿಗೆ ಬಂದವು. ಮನೆಯೊಳಗೆ ಕಾಲಿಡಲು ಜಾಗವಿಲ್ಲದಂತಾಯಿತು. ಎಣ್ಣೆ, ತುಕ್ಕು, ಪಾಲಿಶ್ ಕಾಗದದ ಪುಡಿ ರೊಟ್ಟಿಯ ಬುಟ್ಟಿಯವರೆಗೂ ಹಾರಿ ಬರುತ್ತಿತ್ತು. ನಾನು ಬೈಯುತ್ತಿದ್ದೆ. ಇವರು ಬೈಸಿಕೊಳ್ಳುತ್ತ ಕೆಲಸ ಮಾಡುತ್ತಿದ್ದರು. ಬೈಯಲಿಕ್ಕೆ ಒಂದು ಕಾರಣ ಸಿಕ್ಕಿತಲ್ಲ ಎಂದು ಒಳಗೊಳಗೇ ಹಗುರಾಗಿತ್ತು ನನಗೆ.

ಟ್ರಂಕಿನ ತುಕ್ಕು ಕೆರೆದು ಕೆಳಗಿನ ತಗಡು ಬದಲಿಸಿ ಹಸಿರು ಬಣ್ಣ ಹಚ್ಚಿದರು. ಪಾತೇಲಿಗೆ ಕಲಾಯಿ ಹಾಕುವವರು ನಮ್ಮ ಊರಲ್ಲಿ ಸಿಗಲಿಲ್ಲ. ನನ್ನ ಅಣ್ಣನ ಊರು ಜಯಸಿಂಗಪುರದಲ್ಲಿ ಒಬ್ಬರು ಇನ್ನೂ ಹಾಕುತ್ತಾರೆಂದು ಕೇಳಿ ಅಲ್ಲಿಗೆ ಹೊತ್ತುಕೊಂಡು ಹೋಗಿ ಹಾಕಿಸಿಕೊಂಡು ಬಂದರು. ಒಳಗೆ ಕೈ ಇಟ್ಟರೆ ಕೈಯ ನೆರಳು ಕಾಣುವಷ್ಟು ಬೆಳ್ಳಗೆ. ಕಾಂಡಿಯ ಕಪಾಟಿಗೆ ಜಾಳಿಗೆಯ ಬಾಗಿಲು ಕೂರಿಸಿದ ಮೇಲೆ ಅದು ಅಡಿಗೆಮನೆಯ ಕಪಾಟಾಯಿತು. ಎಷ್ಟು ತೊಳೆದರೂ ಅದರ ಹಲಗೆಯಿಂದ ಹತ್ತಿಯ ವಾಸನೆ ಹೋಗಲಿಲ್ಲ, ಇರಲಿ ಬಿಡು ಎಂದು ಮಗಳೇ ಅಂದಳು. ಇಸ್ತ್ರಿ ಪೆಟ್ಟಿಗೆ ಮಾತ್ರ ಮೂರು ಸಲ ಬಿಚ್ಚಿದರೂ ಬಗ್ಗಲಿಲ್ಲ. ಕೊನೆಗೆ ನನ್ನ ಸೀರೆಯ ಮೇಲೆ ತನ್ನ ಆಕಾರದ ಕಂದು ಕಲೆ ಬಿಟ್ಟು ವಾಪಸ್ ಭಂಗಾರಕ್ಕೇ ಹೋಯಿತು.

ಮಗ್ಗದಿಂದ ಬಟ್ಟೆ ಇಳಿಸಿ ಅಂಚು ಸರಿಮಾಡುವಾಗ ಉದ್ದುದ್ದ ಪಟ್ಟಿ ಉಳಿಯುತ್ತದೆ. ಅದನ್ನು ಮೂಟೆಗಟ್ಟಲೆ ಎಸೆಯುತ್ತಾರೆ. ನಾನೂ ಓಣಿಯ ಹೆಂಗಸರೂ ಅದನ್ನು ತಂದು ಜಡೆ ಹಾಕಿದಂತೆ ಹೆಣೆದೆವು. ಅದರಿಂದ ಮಂಚದ ಪಟ್ಟಿಯಾಯಿತು, ಬಾಗಿಲಿಗೆ ಕಾಲೊರಸು ಆಯಿತು. ನನ್ನ ಮತ್ತು ಮಗಳ ಹಳೆ ಬಟ್ಟೆಗಳಿಂದ ಒಂದು ಕೌದಿ ಹೊಲಿದೆವು. ಅವಳ ಶಾಲೆಯ ನೀಲಿ ಲಂಗ, ನನ್ನ ಸೀಮಂತದ ಹಸಿರು ಸೀರೆ, ಇವರ ಖಾಕಿ ಅಂಗಿ. ಖಾಕಿ ತುಂಡು ಎಲ್ಲಿ ಬರಬೇಕೆಂಬುದರ ಮೇಲೆ ಪಕ್ಕದ ಮನೆಗಳ ಇಬ್ಬರು ಹೆಂಗಸರ ನಡುವೆ ಒಂದು ದಿನ ಮಾತೇ ನಿಂತಿತ್ತು.

ಅಳಿಯನಾಗಬೇಕಾದವನು ರಜೆ ಸಿಕ್ಕಾಗಲೆಲ್ಲ ಕೊಲ್ಹಾಪುರದಿಂದ ಬರುತ್ತಿದ್ದ. ಮೊದಲ ದಿನ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದು ಖುರ್ಚಿಯ ತುದಿಗೆ ಕೂತಿದ್ದ. ಎರಡನೆಯ ಸಲ ಇವರ ಹಳೆ ಬನಿಯನ್ ಹಾಕಿಕೊಂಡು ಮಂಚದ ತುಕ್ಕು ಕೆರೆಯುತ್ತಿದ್ದ. ಇಬ್ಬರೂ ಮಾತಾಡುತ್ತಿದ್ದದ್ದು ಕಡಿಮೆ. “ನಟ್ಟ ಬಿಚ್ಚೂ ಪಾನಾ ಕೊಡ್ರಿ.” “ತಗೋಪಾ.” ಅಷ್ಟರಲ್ಲೇ ಮಧ್ಯಾಹ್ನ ಕಳೆಯುತ್ತಿತ್ತು.

ಮದುವೆಗೆ ಮೊದಲು ಜಯಸಿಂಗಪುರದಿಂದ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಬಂದರು. ಅಣ್ಣನದು ಕಿರಾಣಿ ಅಂಗಡಿ. ವೈನಿಗೆ ಮಂದಿ, ಮರ್ಯಾದೆ ಎಲ್ಲಾ ಭಾಳ. ಸಾಮಾನೆಲ್ಲ ನೋಡಿದರು, ಒಂದೊಂದನ್ನೂ ಸೆರಗಿನಿಂದ ಮುಟ್ಟಿದರು.

“ಚಲೋ ಆಗ್ಯಾವ, ಇಲ್ಲಂತ ಅನ್ನೂದಿಲ್ಲ. ಆದ್ರ ಬೀಗರ ಮಂದಿ ಏನಂದಾರು? ನಮ್ಮ ಮಾರಿ ಎಲ್ಲಿ ಇಟಗೊಳ್ಳೂಣು?”

“ಅತ್ತೀ, ನಾ ಹೇಳಿ ಮಾಡಿಸೇನಿ,” ಅಂದಳು ಮಗಳು. “ಮಾರಿ ನಾ ಇಟಗೋತೀನಿ.”

ವೈನಿ ಸುಮ್ಮನಾದರು. ಸುಮ್ಮನಾಗುವವರಲ್ಲ ಅವರು. ಮದುವೆಯ ದಿನ ಬೆಳಿಗ್ಗೆ ನಾವು ಮಂಗಲ ಕಾರ್ಯಾಲಯದಲ್ಲಿ ಸಾಮಾನು ಜೋಡಿಸಿ ಅತ್ತ ತಿರುಗುವಷ್ಟರಲ್ಲಿ ಮೇಜಿನ ಮುಂದಿನ ಸಾಲಿಗೆ ಹೂವಿನ ಚಿತ್ರದ ಒಂದು ಹೊಚ್ಚ ಹೊಸ ಡಿನ್ನರ್ ಸೆಟ್ಟು ಪೆಟ್ಟಿಗೆಯ ಸಮೇತ ಬಂದು ಕೂತಿತ್ತು. ನಾನು ಮಗಳ ಮುಖ ನೋಡಿದೆ. ಅರಿಶಿನದ ಸೀರೆಯಲ್ಲಿದ್ದ ಅವಳು ನಕ್ಕು, “ಇರ್ಲಿ ಅವ್ವಾ. ಅವರ ಪ್ರೀತಿ ಅದು,” ಅಂದು ಒಳಗೆ ಹೋದಳು.

ಬೀಗರ ಗಾಡಿಗಳು ಬಂದವು. ಚಹಾ, ನಾಷ್ಟಾ ಆದ ಮೇಲೆ ಹೆಂಗಸರು ರುಖವತ್ ಸುತ್ತ ನೆರೆದರು. ಯಾರೋ ಮರಾಠಿ ಹೆಂಗಸು, “ಅಗಬಾಯೀ, ಹೇ ಸಗಳಂ ಜುನಂಚ ಆಹೇ ಕೀ!” ಅಂದರೆ ಎಲ್ಲಾ ಹಳೆಯದೇ ಇದೆಯಲ್ಲಾ ಎಂದು, ಗಲ್ಲಕ್ಕೆ ಕೈ ಹಚ್ಚಿದಳು. ಕೆಲವರು ಕೌದಿಯನ್ನು ಎತ್ತಿ ಹೊಲಿಗೆ ನೋಡಿ ಚಲೋ ಐತಿ ಅಂದರು. ಆಗ ಹುಡುಗನ ಕಾಕಾ, ದೊಡ್ಡ ದನಿಯ ಮನುಷ್ಯ, ಟ್ರಂಕಿನ ಮುಚ್ಚಳ ತೆಗೆದು, ಧಡ್ಡನೆ ಮುಚ್ಚಿ ಸದ್ದು ಮಾಡಿ, “ಇದು ರುಖವತ್ ಏನು, ಭಂಗಾರದ ಅಂಗಡಿ ಏನು?” ಅಂದ. ಸುತ್ತ ಇದ್ದವರು ನಕ್ಕರು. ಕೆಟ್ಟ ಮನಸ್ಸಿನಿಂದ ಅಂದಿರಲಿಕ್ಕಿಲ್ಲ. ಮದುವೆ ಮನೆಯಲ್ಲಿ ಕೆಲವರಿಗೆ ಬಾಯಿ ಸುಮ್ಮನಿರುವುದಿಲ್ಲ. ಆದರೆ ಇವರು ಅಲ್ಲೇ ಗಂಧದ ತಾಟು ಹಿಡಿದು ನಿಂತಿದ್ದರು. ತಾಟನ್ನು ಮೇಜಿನ ಮೇಲೆ ಇಟ್ಟು, ಮಂಚದ ಕಾಲನ್ನು ಸ್ವಲ್ಪ ಸರಿಸಿ ನೆಟ್ಟಗೆ ಮಾಡಿ, ಅಡಿಗೆಯ ಕಡೆ ಹೋದರು.

ಬೀಗತಿ, ಅಂದರೆ ಹುಡುಗನ ತಾಯಿ, ಸಾಮಾನಿನ ಹತ್ತಿರ ಬಂದರು. ನೋಡಿದರು, ಹೋಗಿ ಕೂತರು. ಅಕ್ಷತೆ ಬಿತ್ತು, ಊಟ ಶುರುವಾಯಿತು. ಎರಡನೆಯ ಪಂಕ್ತಿಗೆ ಬಡಿಸುತ್ತಿದ್ದ ನನ್ನನ್ನು ಬೀಗತಿ ಕೈ ಹಿಡಿದು ಗೋಡೆಯ ಕಡೆ ಕರೆದರು.

“ಈ ಸಾಮಾನಿನ ವಿಚಾರ ನನ್ನ ಮಗಗ ಮೊದಲ ಗೊತ್ತಿತ್ತೇನ್ರಿ?”

“ಗೊತ್ತಿತ್ರಿ. ತುಕ್ಕು ಕೆರಿಲಿಕ್ಕೆ ಅವರೂ ಬರ್ತಿದ್ರು.”

“ನಿಮಗ ಗೊತ್ತಿತ್ತು, ಅವಗ ಗೊತ್ತಿತ್ತು. ನನಗಷ್ಟ ಗೊತ್ತಿರಲಿಲ್ಲ. ಮಂದ್ಯಾಗ ನಿಂತು ನಾ ಮಿಕಿ ಮಿಕಿ ನೋಡಿದೆ.” ಅವರ ದನಿ ಏರಲಿಲ್ಲ. “ಹಳೇದು ಕೊಟ್ರಿ ಅಂತ ಅಲ್ರಿ. ನನಗ ಒಂದ್ ಮಾತ ಹೇಳಬೇಕಿತ್ತು.”

“ಅವರ ಹೇಳಿರ್ತಾರ ಅಂತ ತಿಳಕೊಂಡಿದ್ವಿ ಅಕ್ಕಾರ.”

“ಹೂಂ,” ಅಂದರು. ಮತ್ತೆ ಎಲೆಯ ಮುಂದೆ ಹೋಗಿ ಕೂತರು. ಬಡಿಸಿದ ಜಿಲೇಬಿ ಹಾಗೆಯೇ ಉಳಿದಿತ್ತು.

ಆಮೇಲೆ ಕೇಳಿದರೆ ಅಳಿಯ ತಲೆ ಕೆರೆದುಕೊಂಡ. ಅವ್ವ ಬೇಡ ಅಂದರೆ ಏನು ಮಾಡುವುದೆಂದು ಹೇಳುವುದನ್ನು ಇವತ್ತು ನಾಳೆ ಎಂದು ಮುಂದೂಡಿದ್ದನಂತೆ. ಮಗಳು ಅವನ ಮೇಲೆ ಸಿಟ್ಟು ಮಾಡಿದಳು. ಅವರ ಸಂಸಾರದ ಮೊದಲ ಜಗಳ ಅದೇ ಇರಬೇಕು.

ಇಬ್ಬರೂ ಕೊಲ್ಹಾಪುರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದರು. ಸಾಮಾನೆಲ್ಲ ಅಲ್ಲಿಗೆ ಹೋಯಿತು. ಬೀಗತಿ ಮಗನಿಗೆ ಫೋನು ಮಾಡುತ್ತಿದ್ದರು, ಬೆಲ್ಲ, ಶೇಂಗಾ ಕಳಿಸುತ್ತಿದ್ದರು, ಆದರೆ ಆ ಮನೆಗೆ ಕಾಲಿಡಲಿಲ್ಲ. ಕಬ್ಬು ಕಡಿಯುವ ಕಾಲ ಎಂದರು, ಆಮೇಲೆ ಆಕಳು ಈದಿದೆ ಎಂದರು. ನಾವೂ ಹೆಚ್ಚು ಕರೆಯಲಿಲ್ಲ. ಇವರು ಈ ನಡುವೆ ಓಣಿಯವರ ಕುಕ್ಕರು, ಫ್ಯಾನು ನೋಡಿಕೊಡುತ್ತಿದ್ದರು. ಮೆಟ್ಟಿಲ ಮೇಲೆ ಕೂತರೂ ಈಗ ಕೈಯಲ್ಲಿ ಏನಾದರೂ ಇರುತ್ತಿತ್ತು. ಆದರೆ ಬೀಗರ ಸುದ್ದಿ ಬಂದರೆ ಎದ್ದು ಹೋಗುತ್ತಿದ್ದರು.

ಮುಂದಿನ ಮಳೆಗಾಲ ಮುಗಿಯುತ್ತ ಬಂದಾಗ ಬೀಗತಿಗೆ ಕಣ್ಣಿನ ಪೊರೆ ತೆಗೆಸಬೇಕಾಯಿತು. ಮಗಳ ದವಾಖಾನೆಯಲ್ಲೇ ಮಾಡಿಸುವುದೆಂದಾಯಿತು. ಮಗ, ಸೊಸೆ ಇಬ್ಬರೂ ಡ್ಯೂಟಿಗೆ ಹೋಗುವವರು. ಹಗಲು ಜೊತೆಗಿರಲು ಯಾರು? ಮಗಳು ನನಗೆ ಫೋನು ಮಾಡಿದಳು. ನಾನು ರಜೆ ಹಾಕಿ ಮಗಳ ಮನೆಗೆ ಹೋದೆ. ಹೋಗುವಾಗ ಬಸ್ಸಿನಲ್ಲಿ ಏನು ಮಾತಾಡಬೇಕೆಂದು ಯೋಚಿಸಿದ್ದೇ ಯೋಚಿಸಿದ್ದು.

ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲೇ ಮಂಜು. ಅವರಿಗೆ ಗೋಡೆ ಹಿಡಿದೇ ಓಡಾಡಬೇಕಿತ್ತು. ಮೊದಲ ದಿನ ಬೇಕಾದ್ದಷ್ಟೇ ಮಾತು. ನೀರು ಕೊಡ್ರಿ, ಗುಳಿಗಿ ಆತೇನ್ರಿ. ಮರುದಿನ ಅಡಿಗೆಮನೆಗೆ ಬಂದು ಕಪಾಟಿನ ಮೇಲೆ ಕೈ ಆಡಿಸಿದರು. ಹಲಗೆಯ ಅಂಚಿನುದ್ದಕ್ಕೂ ಬೆರಳು ಹೋಯಿತು.

“ಇದು ಸಾಗವಾನಿ ಐತೆಲ್ರಿ. ಇಷ್ಟ ನುಣ್ಣಗ ಹೆಂಗ ಮಾಡಿದ್ರಿ?”

“ನೂಲಿನ ಕಾಂಡಿ ಇಡೂ ಕಪಾಟ್ರಿ ಅದು. ಕೈ ಆಡಿ ಆಡಿ ನುಣ್ಣಗಾಗೈತಿ. ಬಾಗಲಾ ಅಷ್ಟ ಇವರು ಹಚ್ಯಾರ.”

ಬಗ್ಗಿ ಮೂಸಿ ನೋಡಿದರು. “ಹತ್ತಿ ವಾಸನಿ ಬರ್ತೈತಿ,” ಅಂದರು.

ಅಂದಿನಿಂದ ಒಂದೊಂದೇ ಕೇಳತೊಡಗಿದರು. ಮಂಚದ ಮೇಲೆ ಮಲಗಿದಾಗ ಕೆಳಗಿನ ಪಟ್ಟಿಯನ್ನು ಬೆರಳಿನಿಂದ ಹುಡುಕಿ, ಇದು ಯಾವ ಹೆಣಿಕೆ ಎಂದು ಕೇಳಿದರು. ಕೌದಿಯ ಒಂದೊಂದು ತುಂಡಿನ ಮೇಲೆ ಕೈಯಿಟ್ಟು ಇದು ಯಾರದು, ಇದು ಯಾವಾಗಿನದು ಎಂದರು. ನಾನು ಹೇಳುತ್ತ ಹೋದೆ. ಸೀಮಂತದ ಸೀರೆಯ ಕಥೆ ಹೇಳುವಾಗ ನಮ್ಮ ಅತ್ತೆಯ ಕಥೆ ಬಂತು, ಅದರ ಹಿಂದೆ ಅವರ ಅತ್ತೆಯ ಕಥೆ ಬಂತು. ಅತ್ತೆಯರ ವಿಷಯದಲ್ಲಿ ಇಬ್ಬರಿಗೂ ಹೇಳುವುದು ಬೇಕಾದಷ್ಟಿತ್ತು. ಸಂಜೆ ಮಗಳು ಡ್ಯೂಟಿ ಮುಗಿಸಿ ಬಾಗಿಲಲ್ಲಿ ನಿಂತಾಗ ನಾವಿಬ್ಬರೂ ನಗುತ್ತಿದ್ದೆವು. ನಗಬಾರದು, ಕಣ್ಣಿಗೆ ಜೋರು ಬೀಳುತ್ತದೆ ಎಂದು ಅವಳು ನಮ್ಮಿಬ್ಬರನ್ನೂ ಗದರಿಸಿದಳು.

ಪಟ್ಟಿ ತೆಗೆದ ಮೇಲೆ, ಊರಿಗೆ ಹೊರಡುವ ಮುಂಚೆ, ಕಪ್ಪು ಕನ್ನಡಕ ಹಾಕಿಕೊಂಡು ಕೂತು ಅವರು ಒಂದು ಮಾತು ಹೇಳಿದರು.

“ನಮ್ಮ ಮನ್ಯಾಗ ಒಂದು ಹೊಲಿಗಿ ಮಷೀನ್ ಐತ್ರಿ. ನಮ್ಮವರು ಇದ್ದಾಗ ಕೊಡಿಸಿದ್ದು. ಓಣಿ ಮಂದಿ ಜಂಪರೆಲ್ಲಾ ನಾನ ಹೊಲೀತಿದ್ದೆ. ಅವರು ಹೋದ ಮ್ಯಾಲ ಅದೂ ಕೆಟ್ಟು ಕುಂತೈತಿ. ಪ್ಯಾಟ್ಯಾಗ ತೋರಿಸಿದ್ರ ಭಂಗಾರಕ್ಕ ಹಾಕ್ರಿ, ಹೊಸಾದು ತಗೋರಿ ಅಂದ್ರು. ಹಾಕಾಕ ಮನಸ ಬರಲಿಲ್ಲ.” ಕನ್ನಡಕ ಸರಿಮಾಡಿಕೊಂಡು, “ಬೀಗರು ಬಂದ ನೋಡ್ತಾರೇನ್ರಿ?” ಅಂದರು.

ನಾನು ಇವರಿಗೆ ಹೇಳಿದೆ. ಇವರು ಕೈಯಲ್ಲಿದ್ದ ಫ್ಯಾನು ಕೆಳಗಿಟ್ಟರು. “ಯಾವ ನಮೂನಿ ಮಷೀನು?” ಎಂದಷ್ಟೇ ಕೇಳಿದರು. ವಾರದೊಳಗೆ ಪಾನಾ, ಸ್ಕ್ರೂ ಡ್ರೈವರು, ಎಣ್ಣೆ ಬಾಟಲಿ ಎಲ್ಲವನ್ನೂ ಚೀಲಕ್ಕೆ ತುಂಬಿ, “ನೀನೂ ಬಾ,” ಅಂದರು. ನಿಪ್ಪಾಣಿ ದಾರಿಯ ಬಸ್ಸು ಹಿಡಿದು ಗಡಹಿಂಗ್ಲಜಕ್ಕೆ ಹೋದೆವು.

ಮಷೀನು ಗೊಬ್ಬರದ ಚೀಲಗಳ ಕೆಳಗಿತ್ತು. ಇಲಿ ಅದರ ಪಟ್ಟಾ ತಿಂದಿತ್ತು, ಗಾಲಿ ಜಾಮ್ ಆಗಿತ್ತು. ಇವರು ಪಡಸಾಲೆಯಲ್ಲಿ ಗೋಣಿ ಹಾಸಿಕೊಂಡು ಬಿಚ್ಚಲು ಕೂತರು. ಸೀಮೆಎಣ್ಣೆಯಲ್ಲಿ ನೆನೆಹಾಕಿ ಒಂದೊಂದು ಭಾಗ ಒರೆಸಿ ಸಾಲಾಗಿ ಇಡುತ್ತ ಹೋದರು. ಬೀಗತಿ ಹೊಲಕ್ಕೂ ಹೋಗದೆ ಸ್ವಲ್ಪ ದೂರದಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತ ನೋಡುತ್ತಿದ್ದರು. ಪಟ್ಟಾ ಎಲ್ಲಿ ಸಿಗುತ್ತದೆ ಎಂದು ಅವರು ಕೇಳಿದಾಗ ಇವರು ಚೀಲದಿಂದ ಒಂದು ಚರ್ಮದ ತುಂಡು ತೆಗೆದರು.

“ಇದು ಮಗ್ಗದ್ದರಿ. ಲಾಳಿ ಹೊಡೆಯೂದಕ್ಕ ಹಾಕ್ತಿದ್ವಿ. ಒಂದಿಷ್ಟು ತಗದ ಇಟಗೊಂಡಿದ್ದೆ.”

ತೆಗೆದಿಟ್ಟುಕೊಂಡದ್ದು ನನಗೂ ಗೊತ್ತಿರಲಿಲ್ಲ. ಅದನ್ನು ಸಣ್ಣಗೆ ಸೀಳಿ, ಅಳತೆ ಹಿಡಿದು ಹೊಲಿದು ಗಾಲಿಗೆ ಹಾಕಿದರು. ಮೊದಲ ದಿನ ಆಗಲಿಲ್ಲ. ನಾವು ಅಲ್ಲೇ ಉಳಿದೆವು. ಮರುದಿನ ಊಟದ ಹೊತ್ತಿಗೆ ಗಾಲಿ ತಿರುಗಿತು. ಇವರು ಕಿವಿ ಹತ್ತಿರ ಹಿಡಿದು ಕೇಳಿದರು, ಇನ್ನೊಂದು ಹನಿ ಎಣ್ಣೆ ಬಿಟ್ಟರು, ಎದ್ದು ಕೈ ಒರೆಸಿಕೊಂಡರು.

“ಕೂಡ್ರಿ ಅಕ್ಕಾರ,” ಅಂದರು. ಮದುವೆಯಾದ ಮೇಲೆ ಅವರೊಡನೆ ಇವರು ತಾವಾಗಿ ಆಡಿದ ಮೊದಲ ಮಾತೆಂದರೆ ಅದೇ.

ಬೀಗತಿ ಕೂತರು. ಸೂಜಿಗೆ ದಾರ ಪೋಣಿಸಲು ನನಗೆ ಕೊಟ್ಟರು, ಕಣ್ಣು ಇನ್ನೂ ಹೊಸದು ಎಂದು. ಗಂಡನ ಹಳೆಯದೊಂದು ಧೋತರ ಪೆಟ್ಟಿಗೆಯಿಂದ ತೆಗೆದು ತಂದಿದ್ದರು. ಅದನ್ನು ಮಡಚಿ ಸೂಜಿಯ ಕೆಳಗಿಟ್ಟು, ಅಂಚನ್ನು ಅಂಗೈಯಿಂದ ಸವರಿದರು. ಆಮೇಲೆ ಕಾಲು ಹಾಕಿ ಮೆಟ್ಟಿದರು. ಮೊದಲ ಹೊಲಿಗೆ ಸೊಟ್ಟಗೆ ಹೋಯಿತು. ಬಿಚ್ಚಲಿಲ್ಲ, ಹಾಗೇ ಮುಂದೆ ಹೋದರು.

“ಏನ್ ಹೊಲಿಯಾಕತ್ತೀರಿ?” ಎಂದು ಕೇಳಿದೆ.

“ದಿಂಬಿನ ಗವಸಣಿಗಿ. ಹುಡಿಗಿ ಮನ್ಯಾಗ ದಿಂಬಿಗೆ ಗವಸಣಿಗಿ ಸರಿ ಇಲ್ಲ, ನಾ ಮುಟ್ಟಿ ನೋಡೇನಿ,” ಅಂದರು. “ಆ ಕಡಿ ತುದಿ ಸೀದಾ ಹಿಡೀರಿ. ಸಡಲ ಬಿಡಬ್ಯಾಡ್ರಿ.”

ನಾನು ಧೋತರದ ತುದಿಯನ್ನು ಬಿಗಿಯಾಗಿ ಹಿಡಿದೆ. ಇವರು ಗೋಡೆಗೆ ಒರಗಿ ಚಹಾ ಕುಡಿಯುತ್ತ, ಮಧ್ಯಾಹ್ನದ ಬಸ್ಸು ಎಷ್ಟಕ್ಕಿದೆ ಎಂದು ಅಳಿಯನಿಗೆ ಫೋನು ಹಚ್ಚಿದರು. ಬೀಗತಿ ತಲೆ ಎತ್ತದೆ, ಊಟ ಮಾಡದೆ ಯಾರೂ ಎಲ್ಲಿಗೂ ಹೋಗುವಂತಿಲ್ಲ ಎಂದರು.